ಗಡಿಗೆಯ ಒಳಮೈ

ಮೂರನೆಯ ಬಂಡಿಹಾಳ
ಇಸವಿ 2261, ಹದಿಮೂರನೆಯ ತಿಂಗಳು, ನಲವತ್ತೊಂದನೆಯ ದಿನ

ನಮಗಿಂತ ಮೊದಲು ಈ ನೆಲದ ಮೇಲೆ ಬಾಳಿದ ಹಿರಿಯರಿಗೆ,

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮೂರ ನೀರು ಕಾಯುತ್ತಿದ್ದ ನೀರುನೋಡಿ ಹುಲಿಗೆವ್ವ. ಹೇಳಿದ್ದು 2193ರಲ್ಲಿ, ಇದೇ ಹದಿಮೂರನೆಯ ತಿಂಗಳಿನ ಒಂದು ಮಧ್ಯಾಹ್ನ. ಕೇಳಿದವರು ಏಳು ಮಂದಿ ಹೆಂಗಸರು. ಅವರೊಳಗೆ ಎಲ್ಲರಿಗಿಂತ ಚಿಕ್ಕವಳು ನನ್ನ ಅಜ್ಜಿ ನಿಂಬೆವ್ವ. ಆಕೆ ಶೇಂಗಾ ಸುಲಿಯುತ್ತಾ ನನಗೆ ಇದನ್ನು ಎಷ್ಟು ಸಲ ಹೇಳಿದಳೆಂದರೆ, ಇವತ್ತಿಗೂ ಶೇಂಗಾ ಸಿಪ್ಪೆ ಒಡೆಯುವ ಸದ್ದು ಕೇಳಿದರೆ ನನಗೆ ಹುಲಿಗೆವ್ವ ನೆನಪಾಗುತ್ತಾಳೆ.

ಮೇಲಿನ ತಾರೀಖು ಓದಿ ನೀವು ನಕ್ಕಿರಬಹುದು. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳಿದ್ದವಂತೆ, ಯಾವ ತಿಂಗಳೂ ಮೂವತ್ತೊಂದನ್ನು ದಾಟುತ್ತಿರಲಿಲ್ಲವಂತೆ. ಪುಣ್ಯವಂತರು. ಬೇಸಿಗೆ ಬೆಳೆದು ಬೆಳೆದು ತನಗೂ ಒಂದು ಪಾಲು ಬೇಕೆಂದು ಕುಳಿತಾಗ, ನಮ್ಮ ಹಿಂದಿನವರು ಉಳಿದ ತಿಂಗಳುಗಳಿಂದ ಮೂರು ನಾಲ್ಕು ದಿನ ಕಿತ್ತು ಅದಕ್ಕೆ ಕೊಟ್ಟರು. ಎಣಿಕೆಗೆ ಹದಿಮೂರನೆಯದಾದರೂ ಬರುವುದು ನಡುಬೇಸಿಗೆಯಲ್ಲಿ. ಅದಕ್ಕೆ ಉರಿತಿಂಗಳು ಎನ್ನುತ್ತೇವೆ. ಇಂಥ ಮಾತುಗಳು ಈ ಕಾಗದದಲ್ಲಿ ಇನ್ನೂ ಬರುತ್ತವೆ. ಕಿವಿಗೆ ಒರಟಾದರೆ ಕ್ಷಮಿಸಿ. ಬಂದಲ್ಲೆಲ್ಲ ಗಾಡಿ ನಿಲ್ಲಿಸಿ ಅರ್ಥ ಹೇಳಿ ಮುಂದೆ ಹೋಗುತ್ತೇನೆ.

ನಮ್ಮದು ಮೂರನೆಯ ಬಂಡಿಹಾಳ. ಮೊದಲನೆಯದು ನೀರಿಲ್ಲದೆ ಹೋಯಿತು, ಎರಡನೆಯದು ನೀರು ಹೆಚ್ಚಾಗಿ ಹೋಯಿತು. ಮೂರನೆಯದನ್ನು ಬಂಡೆಗುಡ್ಡದ ಹೆಗಲ ಮೇಲೆ ಕಟ್ಟಿಕೊಂಡಿದ್ದೇವೆ. ತೊಂಬತ್ತು ಮನೆ, ಒಂದು ಕೆರೆ. ಪ್ರತಿ ಮನೆಗೂ ನೆಲದೊಳಗೆ ಆಳುದ್ದ ಇಳಿದ ಒಂದು ಕೋಣೆ ಇರುತ್ತದೆ. ಅದು ನೆರಳುಮನೆ. ಬಿಸಿಲು ಏರಿದ ಮೇಲೆ ಗುಡಿಯ ಗಂಟೆ ಹೊಡೆಯುತ್ತದೆ. ಆಗ ಮನುಷ್ಯರು, ಆಡು, ಕೋಳಿ ಎಲ್ಲ ಅದರೊಳಗೆ ಇಳಿಯುತ್ತೇವೆ. ಇಳಿಹೊತ್ತಿನ ಗಂಟೆ ಹೊಡೆಯುವ ತನಕ ಅಲ್ಲೇ ಇದ್ದು ಹಿಟ್ಟು ಬೀಸುತ್ತೇವೆ, ಮಕ್ಕಳಿಗೆ ಅಕ್ಷರ ಕಲಿಸುತ್ತೇವೆ, ಜಗಳ ಆಡುತ್ತೇವೆ, ರಾಜಿಯಾಗುತ್ತೇವೆ. ಕತ್ತಲೆ, ತಂಪು, ಮೂಲೆಯಲ್ಲಿ ನೀರಿನ ಹರವಿ. ಮನುಷ್ಯರಿಗೆ ಅದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ. ಸೊಳ್ಳೆಗೂ ಇಲ್ಲ.

ನಿಮ್ಮ ಕಾಲದಲ್ಲಿ ಡೆಂಗಿ ಎಂದು ಒಂದು ಜ್ವರ ಇತ್ತಲ್ಲ, ನಮ್ಮ ಎಲುಬುಜ್ವರ ಅದರ ಮೊಮ್ಮಗಳು. ಅಜ್ಜಿಗಿಂತ ಮೊಮ್ಮಗಳು ಗಡಸು, ಆದರೆ ಮನೆತನದ ಗುಣ ಬಿಟ್ಟಿಲ್ಲ. ಅದನ್ನು ಹೊತ್ತು ತರುವುದು ಅದೇ ಬಿಳಿ ಪಟ್ಟೆಗಾಲಿನ ಸೊಳ್ಳೆ. ಅದು ಗಟಾರದ ಕೊಳಕು ನೀರಿಗೆ ಹೋಗುವುದಿಲ್ಲ. ನೀವು ಕುಡಿಯುವಂಥ ತಿಳಿನೀರೇ ಅದಕ್ಕೂ ಬೇಕು. ನಮ್ಮವರು ರಾತ್ರಿ ಪರದೆ ಕಟ್ಟಿಕೊಂಡು ಕಾಲು ಬೆರಳು ಸಹ ಹೊರಗೆ ಚಾಚದೆ ಮಲಗುತ್ತಿದ್ದರು. ಬೆಳಗಾದ ಮೇಲೆ ಪರದೆ ಮಡಿಸಿಟ್ಟು, ಅಂಗಿ ಬಿಚ್ಚಿ, ನೆರಳುಮನೆಗೆ ಇಳಿಯುತ್ತಿದ್ದರು. "ಈ ಸೊಳ್ಳಿ ಹಗಲು ನೌಕರಿ ಮಾಡ್ತೈತ್ರೋ ಯಪ್ಪಾ, ರಾತ್ರಿ ಅದಕ್ಕ ರಜಾ," ಎಂದು ಹುಲಿಗೆವ್ವ ಮನೆಮನೆಗೆ ಹೇಳಿ ದಣಿದಳು. ತುಂಬುತೋಳಿನ ಅಂಗಿ ತೊಡಿ, ಹಗಲು ಮಲಗುವ ಕೂಸಿಗೆ ಪರದೆ ಹಾಕಿ, ಬೇವಿನೆಣ್ಣೆ ಹಚ್ಚಿ ಅಂದಳು. ಕೇಳಿದವರು ಕೇಳಿದರು. ಸೆಕೆಗೆ ಬೆಂದವರು ಮರುದಿನವೇ ಅಂಗಿ ಬಿಚ್ಚಿದರು.

ನೀರುನೋಡಿ ಎಂದರೆ ಊರ ನೀರನ್ನೆಲ್ಲ ಎಂಟು ದಿನಕ್ಕೊಮ್ಮೆ ನೋಡಿ ಬರುವ ಹೆಂಗಸು. ಡ್ರಮ್ಮಿಗೆ ಮುಚ್ಚಳ ಇದೆಯೇ, ಕೆರೆಯಲ್ಲಿ ಮರಿಹುಳ ತಿನ್ನುವ ಮೀನು ಇವೆಯೇ, ಕೋಳಿಯ ನೀರಿನ ಬಟ್ಟಲು ತೊಳೆದರೇ ಎಂದು ನೋಡುವುದು ಅವಳ ಕೆಲಸ. ಆಗಿನ್ನೂ ಸರ್ಕಾರದವರು ಪ್ರತಿ ಸೋಮವಾರ ಡಬ್ಬಿಗಳಲ್ಲಿ ಗಂಡು ಸೊಳ್ಳೆಗಳನ್ನು ತಂದು ಬಿಡುತ್ತಿದ್ದರು. ಅವು ಕಚ್ಚುವುದಿಲ್ಲ, ಅವುಗಳೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಮರಿಯಾಗುವುದಿಲ್ಲ. ಜನ ಅವನ್ನೂ ಚಟಾರನೆ ಹೊಡೆದು ಹಾಕುತ್ತಿದ್ದರು. ಊರಿಗೆ ಹಿರಿಯನಾದ ಸಂಗನಬಸಪ್ಪಜ್ಜ ಒಂದು ದಿನ ಕೈ ಎತ್ತಿ ಹಿಡಿದುಕೊಂಡೇ ಕೇಳಿದನಂತೆ:

"ಹುಲಿಗೆವ್ವಾ, ಇದು ಸರ್ಕಾರದ್ದೋ ನಮ್ಮದೋ?"

"ಕಚ್ಚಿದ್ರ ನಮ್ಮದು ಅಜ್ಜಾ, ಕಚ್ಚಲಿಲ್ಲಂದ್ರ ಸರ್ಕಾರದ್ದು."

"ಹಂಗಾರ ಸರ್ಕಾರದ್ದು ಬಂದು ಏನ್ ಮಾಡ್ತೈತಿ?"

"ಸುಮ್ನ ಅತ್ತಾಗ ಇತ್ತಾಗ ಓಡಾಡ್ತೈತಿ."

"ಹಾಂ. ಹಂಗಾರ ಖರೇನ ಸರ್ಕಾರದ್ದ."

ಆ ನಗೆಯ ಕಾಲವೂ ಹೋಯಿತು. ಒಂದು ಸೋಮವಾರ ಡಬ್ಬಿ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಯಾಕೆಂದು ಕೇಳಲು ಯಾರ ಬಾಗಿಲಿಗೆ ಹೋಗಬೇಕೆಂದೂ ನಮ್ಮವರಿಗೆ ತಿಳಿಯಲಿಲ್ಲ.

ಈಗ ಗಡಿಗೆಯ ವಿಷಯ. ಮೊದಲನೆಯ ಬಂಡಿಹಾಳ ಬಿಟ್ಟು ಹೊರಟಾಗ ದಾರಿಯಲ್ಲಿ ನಲವತ್ತು ಜನ ಬಾಯಾರಿ ಸತ್ತರು. ಸಾಯುವವರ ಬಾಯಿಗೆ ಬಿಡಲು ಒಂದು ಹನಿ ಇರಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಬೆಳೆಯಿತು. ಯಾರೇ ಸತ್ತರೂ ಹನ್ನೊಂದನೆಯ ದಿನ ಅವರ ಹೆಸರಿಗೊಂದು ಹೊಸ ಗಡಿಗೆ ತಂದು, ಕೆರೆಯ ತಿಳಿನೀರು ತುಂಬಿ, ನೆರಳುಮನೆಯ ಹೊಸ್ತಿಲ ಪಕ್ಕ ಒಂದು ವರ್ಷ ಇಡುವುದು. ಅದು ಬಾಯಾರಿದವರ ಗಡಿಗೆ. ಅದರ ಬಾಯಿ ಮುಚ್ಚುವಂತಿಲ್ಲ, ಮುಚ್ಚಿದರೆ ಸತ್ತವರ ಬಾಯಿ ಮುಚ್ಚಿದಂತೆ. ಅದರ ನೀರು ಚೆಲ್ಲುವಂತಿಲ್ಲ, ಚೆಲ್ಲಿದರೆ ಊಟಕ್ಕೆ ಕೂತವರ ಗಂಗಾಳ ಕಸಿದಂತೆ. ಆರಿದಷ್ಟು ಮೇಲಿಂದ ತುಂಬುವುದು, ಅಷ್ಟೇ. ನೀರು ಒಮ್ಮೊಮ್ಮೆ ತಾನಾಗಿ ಅಲುಗುತ್ತದೆ. ಆಗ ಮನೆಯವರು ಕೈಮುಗಿದು ಅಕ್ಕಪಕ್ಕದವರನ್ನು ಕರೆಯುತ್ತಿದ್ದರು. ಸತ್ತವರು ಕುಡಿಯಲು ಬಂದಿದ್ದಾರೆ ಎಂದು ಅದರ ಅರ್ಥ. ಊರಿನ ಯಾವ ನೀರಿಗೂ ಕೈ ಹಾಕಬಹುದಾದ ನೀರುನೋಡಿಗೆ ಈ ಒಂದು ನೀರು ಮಾತ್ರ ಮುಟ್ಟುವಂತಿಲ್ಲ ಎಂದು ಚಾವಡಿಯ ಗೋಡೆಯ ಮೇಲೇ ಬರೆದಿತ್ತು.

ರೇಣವ್ವ ಎಂಬಾಕೆಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಚೆನ್ನಿ, ಎಂಟು ವರ್ಷ. ಕಿರಿಯವಳು ಪಾರಿ, ಐದು. ಗಂಡ ದೂರದ ಉಪ್ಪಿನ ಬಯಲಿಗೆ ದುಡಿಯಲು ಹೋದವನು, ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಬರುತ್ತಿದ್ದ. 2192ರ ಬೇಸಿಗೆಯ ಬಾಯಿಗೆ ಎಲುಬುಜ್ವರ ಬಂದು ಚೆನ್ನಿ ತೀರಿಕೊಂಡಳು. ಹೊಸ್ತಿಲ ಪಕ್ಕ ಚೆನ್ನಿಯ ಗಡಿಗೆ ಬಂತು. ಪಾರಿ ಅದರ ಹತ್ತಿರವೇ ಕೂತು ಆಡುತ್ತಿದ್ದಳು, ತನ್ನ ರೊಟ್ಟಿಯ ಚೂರನ್ನು ಅದರ ಅಂಚಿಗೆ ಇಡುತ್ತಿದ್ದಳು.

ಆ ವರ್ಷ ಜ್ವರ ನಿಲ್ಲಲಿಲ್ಲ. ಹುಲಿಗೆವ್ವ ಎಲ್ಲ ಡ್ರಮ್ಮಿಗೂ ಮುಚ್ಚಳ ಹಾಕಿಸಿದಳು, ಬಂಡೆಗಳ ಕುಳಿಗಳಿಗೆ ಮಣ್ಣು ತುಂಬಿಸಿದಳು, ಕೆರೆಗೆ ಎರಡು ಸಲ ಮೀನು ಬಿಟ್ಟಳು. ಆದರೂ ಒಂದೊಂದೇ ಮನೆಯ ಮುಂದೆ ಗಡಿಗೆ ಏಳುತ್ತ ಹೋಯಿತು. ನಾಲ್ಕಿದ್ದದ್ದು ಏಳಾಯಿತು, ಏಳಿದ್ದದ್ದು ಹನ್ನೊಂದಾಯಿತು. ಹನ್ನೊಂದನೆಯ ಗಡಿಗೆ ಇಟ್ಟ ದಿನ ಹುಲಿಗೆವ್ವ ಕೆರೆಯ ಮೆಟ್ಟಿಲ ಮೇಲೆ ಕೂತು ಬೆರಳು ಮಡಿಸಿದಳಂತೆ. ಜ್ವರ ಬಿದ್ದ ಮನೆಗಳೆಲ್ಲ ಗಡಿಗೆಯ ಮನೆಯ ಅಕ್ಕಪಕ್ಕದವೇ. ಸಾವು ಒಂದು ಗಡಿಗೆ ತರುತ್ತದೆ. ಗಡಿಗೆ ಇನ್ನೊಂದು ಸಾವು ತರುತ್ತದೆ.

ಮರುದಿನ ಒಂದು ಕನ್ನಡಿ ತುಂಡು ಹಿಡಿದು ರೇಣವ್ವನ ಮನೆಗೆ ಹೋದಳು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಗಡಿಗೆಯೊಳಗೆ ಬಿಟ್ಟಳು. ಮುಟ್ಟಬಾರದು ಎಂದಿತ್ತೇ ಹೊರತು ಬೆಳಕು ಬಿಡಬಾರದು ಎಂದಿರಲಿಲ್ಲವಲ್ಲ! ತಿಳಿನೀರಿನ ತುಂಬ ದಾರದ ಚೂರಿನಂಥ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಪಾರಿ ಅವಳ ತೋಳಿನಡಿ ತಲೆ ತೂರಿಸಿ ನೋಡಿದಳು.

"ಅಕ್ಕ ಬಂದಾಳ," ಅಂದಳು. "ನೋಡಬೇ ಆಯಿ, ಹೆಂಗ ಕುಣಿಯಾಕತ್ತಾಳ!"

ಹುಲಿಗೆವ್ವ ಕನ್ನಡಿಯನ್ನು ಸೆರಗಿಗೆ ಸುತ್ತಿಕೊಂಡು ಎದ್ದಳು.

ಚಾವಡಿಯಲ್ಲಿ ಊರು ಕೂಡಿತು. ಹುಲಿಗೆವ್ವ ಕಂಡದ್ದನ್ನು ಕಂಡಂತೆ ಹೇಳಿ, ಎಂಟು ದಿನಕ್ಕೊಮ್ಮೆ ನೀರು ಬದಲಿಸೋಣ ಅಂದಳು. ಯಾರೂ ಒಪ್ಪಲಿಲ್ಲ. ಹಾಗಾದರೆ ಒಂದೊಂದು ಮೀನು ಬಿಡೋಣ ಅಂದಳು.

"ಮೀನಿನ ಎಂಜಲಾ ನಮ್ಮವ್ವ ಕುಡೀಬೇಕೇನ?" ಎಂದು ಒಬ್ಬ ಎದ್ದುನಿಂತ.

ತೆಳ್ಳನೆಯ ಅರಿವೆಯನ್ನಾದರೂ ಬಾಯಿಗೆ ಕಟ್ಟೋಣ, ಸತ್ತವರು ಗಾಳಿಯ ಹಾಗೆ ಬರುವವರು, ಅರಿವೆ ಅವರಿಗೆ ಯಾವ ಲೆಕ್ಕ ಅಂದಳು. ಸಂಗನಬಸಪ್ಪಜ್ಜ ಗಡ್ಡ ನೀವಿಕೊಂಡ.

"ನಿನಗ ಅರಿವಿ ಮುಚ್ಚಿದ ಚರಿಗಿ ಕೊಟ್ರ ಕುಡೀತೀಯೇನಬೇ?"

ಜನ ನಕ್ಕರು. ಹುಲಿಗೆವ್ವನೂ ನಕ್ಕಳು, ಅಳು ಬಂದಾಗ ಆಕೆ ನಗುವುದು ರೂಢಿ. ನಕ್ಕ ಮೇಲೆ ಅಜ್ಜ ಮೆಲ್ಲಗೆ ಹೇಳಿದ: "ತಂಗಿ, ನೀ ಹೇಳೋದು ಸುಳ್ಳಂತ ನಾ ಅನ್ನಂಗಿಲ್ಲ. ಆದ್ರ ನಮ್ಮಪ್ಪ ದಾರ್ಯಾಗ ನೀರು ನೀರು ಅಂತ ಹೋದ. ನಾ ಕಂಡೀನಿ. ಅವನ ನೀರು ಚೆಲ್ಲು ಅಂತ ನನ್ನ ಕೈಗೆ ಹೆಂಗ ಹೇಳ್ಲಿ?" ಗಡಿಗೆಗಳು ಇದ್ದಲ್ಲೇ ಉಳಿದವು.

ಆಮೇಲೆ ಹುಲಿಗೆವ್ವ ದಿನಾ ರೇಣವ್ವನ ಹೊಸ್ತಿಲಿಗೆ ಹೋಗಿ ಕೂತಳು. ಪಾರಿಗೆ ಜಡೆ ಹಾಕಿ ಎದ್ದು ಬರುವುದು. ಹೀಗೆ ದಿನಗಳು ಕಳೆದವು. ಚೆನ್ನಿ ಹೋಗಿ ನಾಲ್ಕನೆಯ ತಿಂಗಳು. ಒಂದು ಬೆಳಿಗ್ಗೆ ರೇಣವ್ವ ಕಸ ಗುಡಿಸುತ್ತ ಗಡಿಗೆಯೊಳಗೆ ಬಗ್ಗಿದಳು. ನೀರ ಮೇಲೆ ಒಂದು ಹುಳ ತನ್ನ ಸಿಪ್ಪೆಯನ್ನು ಅಂಗಿಯ ಹಾಗೆ ಬಿಚ್ಚಿ, ಅದರ ಮೇಲೆಯೇ ಕಾಲೂರಿ ನಿಂತಿತು. ಕಾಲಿಗೆ ಬಿಳಿ ಪಟ್ಟೆ. ರೆಕ್ಕೆ ಒಣಗುವ ತನಕ ತಾಳ್ಮೆಯಿಂದ ನಿಂತು, ಎದ್ದು ಹಾರಿ, ಪಾರಿಯ ಮೊಣಕೈ ಮೇಲೆ ಕೂತಿತು. ರೇಣವ್ವ ಕಿರುಚಿದಳು. ಎರಡೂ ಕೈಯಿಂದ ಗಡಿಗೆ ಎತ್ತಿ ಅಂಗಳದ ಬಿಸಿಗಲ್ಲಿನ ಮೇಲೆ ಸುರಿದಳು. ನೀರು ಚುಂಯ್ ಎಂದು ಆರಿಹೋಯಿತು. ಓಡಿ ಬಂದ ಹುಲಿಗೆವ್ವನ ಮುಂದೆ ಖಾಲಿ ಗಡಿಗೆ ತಬ್ಬಿಕೊಂಡು ಕೂತು, "ಮತ್ತೇನರ ಮಾಡಬೇಕೇನಬೇ ಅಕ್ಕಾ? ಹೇಳು, ಈಗ ಹೇಳು," ಅಂದಳು.

ಇನ್ನೊಂದು ಕೆಲಸ ಇತ್ತು. ಆ ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಹಾಕುವುದಿಲ್ಲ. ನೀರಿನ ಅಂಚಿಗೆ, ಗಡಿಗೆಯ ಒಳಮೈಗೆ ಅಂಟಿಸುತ್ತದೆ. ನೋಡಿದರೆ ಮಸಿಯ ಗೆರೆ ಎಳೆದಂತೆ ಕಾಣುತ್ತದೆ, ಅಷ್ಟೇ. ನೀರು ಚೆಲ್ಲಿದರೆ ಅದು ಹೋಗುವುದಿಲ್ಲ. ಒಣಗಿದರೂ ಸಾಯುವುದಿಲ್ಲ. ತಿಂಗಳುಗಟ್ಟಲೆ ಕಾಯುತ್ತದೆ, ನೀರು ಮುಟ್ಟಿದ ದಿನ ಎದ್ದು ಕೂರುತ್ತದೆ. ಆದ್ದರಿಂದ ಬೂದಿ ಹಾಕಿ, ನಾರಿನಿಂದ ಒಳಮೈಯನ್ನು ಗಸಗಸ ಉಜ್ಜಬೇಕು. ಡ್ರಮ್ಮು ಉಜ್ಜಿ ಎಂದು ಹುಲಿಗೆವ್ವ ಸಾವಿರ ಸಲ ಹೇಳಿದ್ದಳು, ಆ ಗೆರೆಯನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಆದರೆ ಆ ಬೆಳಿಗ್ಗೆ ರೇಣವ್ವ ಗಡಿಗೆಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದಳು. ಅದನ್ನು ಕೊಡು, ಬೂದಿ ಹಾಕಿ ತಿಕ್ಕೋಣ ಎಂದು ಹೇಳಲು ಹುಲಿಗೆವ್ವನಿಗೆ ನಾಲಿಗೆ ಏಳಲಿಲ್ಲ.

"ಇಷ್ಟ ಸಾಕು ನನ್ನವ್ವಾ," ಅಂದಳು. "ಇವತ್ತಿಗೆ ಇಷ್ಟ ಸಾಕು."

ಇವತ್ತಿಗೆ ಎಂದದ್ದು ಮುಂದೆ ಹೇಳೋಣವೆಂದು. ಮುಂದೆ ಹೇಳಲಿಲ್ಲ. ಗಡಿಗೆ ಅಟ್ಟದ ಮೇಲೆ ಬೋರಲಾಗಿ ಎಂಟು ತಿಂಗಳು ಒಣಗಿತು. ಎಂಟು ತಿಂಗಳೂ ರೇಣವ್ವನಿಗೆ ಊರು ಒಂದೇ ಮಾತು ಹೇಳಿತು: ನಿನ್ನ ಮಗಳು ಬಾಯಾರಿ ಅಲೆಯುತ್ತಿದ್ದಾಳೆ. ಪಕ್ಕದ ಮನೆಯ ಹಾಲವ್ವ ಅದನ್ನು ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅತ್ತುಕೊಂಡು ಹೇಳುತ್ತಿದ್ದಳು. ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಶಾಸ್ತ್ರವಿದೆ. ಕಡೆಯ ಹನ್ನೆರಡು ದಿನ ಅದೇ ಗಡಿಗೆಯನ್ನು ಕಂಠದವರೆಗೆ ತುಂಬಿಟ್ಟು ಸತ್ತವರನ್ನು ಕಳಿಸಿಕೊಡುವುದು. ಬೇರೆ ಗಡಿಗೆ ಇಡುವಂತಿಲ್ಲ. ರೇಣವ್ವ ಇದನ್ನು ಬಿಡಲಾರೆ ಅಂದಳು. ಹುಲಿಗೆವ್ವ ಒಪ್ಪಿದಳು, ಉಜ್ಜುವ ಮಾತನ್ನು ಅವತ್ತೂ ನುಂಗಿದಳು, ಆದರೆ ಒಳಗೆ ಎದ್ದದ್ದು ಹೊರಗೆ ಬರದಿರಲೆಂದು ಬಾಯಿಗೆ ಎರಡು ಪದರದ ತೆಳು ಅರಿವೆಯನ್ನು ತಾನೇ ಬಿಗಿದು ಕಟ್ಟಿದಳು. "ಇದನ್ನ ಬಿಚ್ಚಬ್ಯಾಡ. ಹನ್ನೆರಡನೇ ದಿನಕ್ಕ ನಾನ ಬಂದು ಬಿಚ್ಚತೀನಿ. ಒಂದು ಸೊಳ್ಳಿ ಹೋಗಂಗಿಲ್ಲ, ನೋಡು," ಅಂದಳು. ಅಂದ ಮರುದಿನವೇ ತಗ್ಗಿನ ಊರುಗಳಲ್ಲಿ ಜ್ವರ ಹೆಚ್ಚಿತೆಂದು ಆಕೆಯನ್ನು ಅಲ್ಲಿಗೆ ಕರೆಸಿಕೊಂಡರು.

ಐದನೆಯ ದಿನ ಪಾರಿ ಅರಿವೆಗೆ ಕಣ್ಣು ಹಚ್ಚಿ ನೋಡಿ ತಾಯಿಯನ್ನು ಕೂಗಿದಳು. ರೇಣವ್ವ ಬಗ್ಗಿ ನೋಡಿದಳು. ಅರಿವೆಯ ಕೆಳಗೆ ನೀರು ಅಲುಗುತ್ತಿತ್ತು. ಹಾಲವ್ವ ಬಂದಳು, ನನ್ನ ಅಜ್ಜಿ ಬಂದಳು, ಓಣಿಯೇ ಬಂತು.

"ಹುಲಿಗೆವ್ವ ತನ್ನ ಕೈಯಾರೆ ಕಟ್ಟ್ಯಾಳ," ಎಂದು ರೇಣವ್ವ ಅರಿವೆಯ ಗಂಟು ಮುಟ್ಟಿ ಮುಟ್ಟಿ ನೋಡಿದಳು. "ಒಂದು ಸೊಳ್ಳಿ ಹೋಗಿಲ್ಲ ಒಳಗ."

"ಸೊಳ್ಳಿ ಹೋಗಿಲ್ಲ. ಮತ್ಯಾರು ಹೋಗ್ಯಾರ, ಹೇಳು?" ಅಂದಳು ಹಾಲವ್ವ. "ನೀ ಚೆಲ್ಲಿದ್ದನ್ನ ಮರತಾಳ ನಿನ್ನ ಮಗಳು. ಬಂದಾಳ."

ಅದನ್ನು ತಪ್ಪೆನ್ನಲು ಆ ಅಂಗಳದಲ್ಲಿ ಯಾರಿಗೂ ದಾರಿ ಇರಲಿಲ್ಲ. ಹೊಸ ನೀರು, ಕಟ್ಟಿದ ಬಾಯಿ, ನೀರುನೋಡಿಯ ಸ್ವಂತ ಮಾತು. ಒಳಮೈಯ ಮಸಿಗೆರೆಯನ್ನು ಒಬ್ಬಳು ಬಲ್ಲವಳಿದ್ದಳು, ಅವಳು ಹನ್ನೆರಡು ಹರದಾರಿ ಆಚೆ ಬೇರೆಯವರ ಡ್ರಮ್ಮು ಉಜ್ಜಿಸುತ್ತಿದ್ದಳು. ಎಂಟು ತಿಂಗಳು ಬಾಯಾರಿದ ಮಗಳು ಇನ್ನೂ ಅರಿವೆಯ ಮೂಲಕ ಯಾಕೆ ಕುಡಿಯಬೇಕು? ರೇಣವ್ವ ಗಂಟು ಬಿಚ್ಚಿದಳು. ವರ್ಷದ ಮೇಲೆ ಅವತ್ತು ಅವಳು ಮೊದಲ ಸಲ ನಕ್ಕಳು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಇಲ್ಲಿಗೆ ಬಂದಾಗ ಆಕೆಯ ಕೈ ಶೇಂಗಾದ ಮೇಲೆ ನಿಂತುಬಿಡುತ್ತಿತ್ತು.

ಹುಳಗಳು ರೆಕ್ಕೆ ಕಟ್ಟಿಕೊಂಡವು. ಪಕ್ಕದ ನೆರಳುಮನೆಯಲ್ಲಿ ಹಾಲವ್ವನ ಮೈದುನ ಜ್ವರದಿಂದ ಮಲಗಿದ್ದ. ಹಗಲು ಪರದೆ ಇಲ್ಲ. ಆ ಮನೆಗೂ ಈ ಮನೆಗೂ ನಡುವೆ ಒಂದು ಕಿಂಡಿ, ಅವನನ್ನು ಕಚ್ಚಿದ ಸೊಳ್ಳೆಗೆ ಅಷ್ಟೇ ಸಾಕು. ಮೂರು ವಾರ ಕಳೆದು ಹುಲಿಗೆವ್ವ ಊರಿಗೆ ಮರಳಿದಾಗ ಪಾರಿಗೆ ಜ್ವರದ ನಾಲ್ಕನೆಯ ದಿನ. ಮರುದಿನ ಜ್ವರ ಇಳಿಯಿತು. ರೇಣವ್ವ ಒಲೆಯ ಮೇಲೆ ಗಂಜಿ ಇಟ್ಟು, "ಗೆದ್ಲು ನನ್ನ ಮಗಳು" ಎಂದು ಓಣಿಗೆಲ್ಲ ಹೇಳಿದಳು. ಹುಲಿಗೆವ್ವ ಮಗುವಿನ ಪಾದ ಮುಟ್ಟಿದಳು. ಪಾದ ತಣ್ಣಗಿತ್ತು. ಹೊಟ್ಟೆ ನೋವೆಂದು ಮಗು ಮುದುಡಿತ್ತು. ಜ್ವರ ಇಳಿದ ದಿನವೇ ಈ ಕಾಯಿಲೆ ನಿಜವಾಗಿ ಏರುವುದೆಂದು ಬಲ್ಲವಳು ಆಕೆ. ಔಷಧಿಗಾಡಿ ಬರುವುದು ಇನ್ನೂ ಎರಡು ದಿನಕ್ಕೆ. ಇಬ್ಬರೂ ಹೆಂಗಸರು ಮಗುವನ್ನು ಬದಲಿಸಿ ಬದಲಿಸಿ ಹೊತ್ತುಕೊಂಡು ಉರಿಬಿಸಿಲಲ್ಲಿ ಗುಡ್ಡ ಇಳಿದರು, ಗುಟುಕು ಗುಟುಕಾಗಿ ನೀರು ಕುಡಿಸಿದರು. ದವಾಖಾನೆಯ ದೀಪದ ಕಂಬ ಕಾಣುವಷ್ಟು ಹತ್ತಿರ ಹೋಗಿದ್ದರು.

ಪಾರಿಯ ಹನ್ನೊಂದನೆಯ ದಿನ ರೇಣವ್ವನೂ ಸೇರಿ ಏಳು ಹೆಂಗಸರು ಆಕೆಯ ನೆರಳುಮನೆಯಲ್ಲಿ ಕೂತಿದ್ದರು. ಹೊಸ್ತಿಲ ಪಕ್ಕ ಹೊಸ ಗಡಿಗೆ, ಇನ್ನೂ ನೀರು ಕಾಣದ್ದು. ಆಗ ಹುಲಿಗೆವ್ವ ಮೆಟ್ಟಿಲಿಳಿದು ಬಂದು, ಯಾರೂ ಕೇಳದಿದ್ದರೂ ಈ ಕಥೆ ಹೇಳಿದಳು. ಕನ್ನಡಿಯಿಂದ ಹಿಡಿದು ಅರಿವೆಯ ತನಕ. ಬೂದಿ ಮತ್ತು ನಾರಿನ ಮಾತನ್ನು ತಾನು ನುಂಗಿದ್ದನ್ನೂ ಹೇಳಿದಳು. ಚೆನ್ನಿಯ ಗಡಿಗೆ ತರಿಸಿ, ಒಳಗೆ ಬೆಳಕು ಬಿಟ್ಟು, ಆ ಮಸಿಗೆರೆಯನ್ನು ಒಬ್ಬೊಬ್ಬರಿಗೂ ತೋರಿಸಿದಳು. "ನಿನ್ನ ನೋಯಿಸಬಾರದು ಅಂತ ಬಿಟ್ಟೆ ರೇಣಾ. ನನಗ ಹೇಳಾಕ ಆಗಲಿಲ್ಲ," ಅಂದಳು.

ರೇಣವ್ವ ಬೆರಳಿನಿಂದ ಆ ಗೆರೆಯನ್ನು ಸವರಿದಳು.

"ಉಜ್ಜತಿದ್ನೋ ಇಲ್ಲೋ, ಅದು ನನಗೂ ಗೊತ್ತಿಲ್ಲಕ್ಕ," ಅಂದಳು. "ಆದ್ರ ನೀ ಹೇಳಬೇಕಿತ್ತು."

ಹಿರಿಯರೇ, ಇಷ್ಟನ್ನು ನಿಮಗೆ ಬರೆದು ಏನು ಸಾಧಿಸುತ್ತೇನೋ ಗೊತ್ತಿಲ್ಲ. ವರ್ಷ ಮುಗಿದ ಗಡಿಗೆಗಳನ್ನು ನಾವು ಗುಡ್ಡದ ಮೇಲೆ ಬೋರಲು ಹಾಕುತ್ತೇವೆ. ಹಿಂದಿನವರಿಗೆ ಏನಾದರೂ ಹೇಳುವುದಿದ್ದರೆ ಕಾಗದ ಬರೆದು ಅದರ ಕೆಳಗೆ ಇಡುತ್ತೇವೆ. ಇದುವರೆಗೆ ಯಾವ ಕಾಗದವೂ ಯಾರನ್ನೂ ಮುಟ್ಟಿದಂತಿಲ್ಲ. ಆದರೆ ನಿಮ್ಮ ಸಾಮಾನು ನಮ್ಮನ್ನು ಮುಟ್ಟುತ್ತಲೇ ಇದೆ. ಹೊಲ ಅಗೆದರೆ ನಿಮ್ಮ ಟಯರು ಸಿಗುತ್ತದೆ, ಪ್ಲಾಸ್ಟಿಕ್ ಲೋಟ ಸಿಗುತ್ತದೆ. ಒಂದೂ ಕರಗಿಲ್ಲ. ಮಳೆ ಬಿದ್ದರೆ ಇವತ್ತಿಗೂ ನೀರು ಹಿಡಿದು ಕೂರುತ್ತವೆ, ನಿಮ್ಮ ಕಾಲದ ಟಯರಿನಲ್ಲಿ ನಮ್ಮ ಕಾಲದ ಸೊಳ್ಳೆ ಹುಟ್ಟುತ್ತದೆ. ಅದಕ್ಕೇ ಕೇಳುತ್ತಿದ್ದೇನೆ. ಅವನ್ನು ಬಯಲಿಗೆ ಎಸೆಯಬೇಡಿ. ಕೂಲರಿನ ತಟ್ಟೆ, ಹೂಕುಂಡದ ಕೆಳಗಿನ ಬಟ್ಟಲು, ಮಾಳಿಗೆಯ ಮೇಲಿನ ಮುಚ್ಚಳವಿಲ್ಲದ ತೊಟ್ಟಿ, ಎಳನೀರು ಕುಡಿದು ಒಗೆದ ಚಿಪ್ಪು, ಇವನ್ನು ಎಂಟು ದಿನಕ್ಕೊಮ್ಮೆ ನೋಡಿ. ನೀರು ಚೆಲ್ಲಿ ಸುಮ್ಮನಾಗಬೇಡಿ, ಒಳಮೈ ಉಜ್ಜಿ. ಹಗಲು ಮಲಗುವ ಕೂಸಿಗೆ ಪರದೆ ಹಾಕಿ. ಜ್ವರ ಇಳಿಯಿತೆಂದು ನಂಬಬೇಡಿ, ಪಾದ ಮುಟ್ಟಿ ನೋಡಿ. ಹೊಟ್ಟೆ ನೋವು, ವಾಂತಿ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಹೇಳಬೇಕಾದ್ದನ್ನು ಹೇಳಿಬಿಡಿ, ಎದುರಿಗಿದ್ದವರು ಅಳುತ್ತಿದ್ದರೂ.

ಈ ಕಥೆ ಊರನ್ನು ಉಳಿಸಿತೆಂದು ಬರೆಯಲು ನನಗೆ ಆಸೆ. ಹಾಗಾಗಲಿಲ್ಲ. ಆ ಮಳೆಗಾಲದಲ್ಲಿ ಇನ್ನೂ ಆರು ಗಡಿಗೆ ಎದ್ದವು. ನಾನು ಇದನ್ನು ಬರೆಯುವ ಈ ಹೊತ್ತಿಗೆ ಓಣಿಯಲ್ಲಿ ಮೂರಿವೆ. ಎರಡನ್ನು ಉಜ್ಜುತ್ತಾರೆ. ಒಂದನ್ನು ಉಜ್ಜುವುದಿಲ್ಲ, ಆ ಮನೆಗೆ ನಾನು ದಿನಾ ಹೋಗಿ ಬರುತ್ತೇನೆ.

ಕಥೆ ಕೇಳಿದ ಮರುದಿನ ಬೆಳಿಗ್ಗೆ, ಬಿಸಿಲೇರುವ ಗಂಟೆ ಹೊಡೆಯುವ ಮೊದಲು, ಆ ಏಳು ಮಂದಿಯಲ್ಲಿ ಮೂವರು ತಮ್ಮ ತಮ್ಮ ಸತ್ತವರ ಗಡಿಗೆ ಹೊತ್ತು ಕೆರೆಯ ಮೆಟ್ಟಿಲಿಗೆ ಬಂದರು. ಒಬ್ಬಳು ದಂಡೆಯ ಮೇಲೆ ನಿಂತು ನೋಡಿದಳು. ಹಾಲವ್ವ ಮನೆಯಿಂದ ಹೊರಗೇ ಬರಲಿಲ್ಲ. ಗಡಿಗೆ ಇಲ್ಲದ ನನ್ನ ಅಜ್ಜಿ ಬುಟ್ಟಿಯಲ್ಲಿ ಬೂದಿ ತಂದಳು. ಹುಲಿಗೆವ್ವ ನಾರು ಹಂಚಿದಳು. ಕಡೆಗೆ ರೇಣವ್ವ ಬಂದಳು, ಒಂದು ಕಂಕುಳಲ್ಲಿ ಚೆನ್ನಿಯ ಗಡಿಗೆ, ಇನ್ನೊಂದರಲ್ಲಿ ಪಾರಿಯದು. ಮೊದಲು ಚೆನ್ನಿಯದನ್ನು ಉಜ್ಜಿ ಮಸಿಗೆರೆ ತೆಗೆದು ತೊಳೆದಿಟ್ಟಳು. ಆಮೇಲೆ ಪಾರಿಯದನ್ನು ಮಡಿಲಿಗೆ ಎಳೆದುಕೊಂಡಳು. ಅದು ಹೊಸದು, ಒಳಗೆ ಉಜ್ಜುವಂಥದ್ದು ಏನೂ ಇರಲಿಲ್ಲ. ಅದನ್ನೇ ಹೆಚ್ಚು ಹೊತ್ತು ಉಜ್ಜಿದಳಂತೆ.